ಜನವರಿಯಲ್ಲಿ ಅಥೆನ್ಸ್‌ಗೆ ಹೋಗಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವಳು, ನಿವೃತ್ತ ಶಿಕ್ಷಕಿ, 61 ವರ್ಷ. ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಡಿಸೆಂಬರ್ ಕೊನೆಗೆ ನಾನು, ನಮ್ಮ ಯಜಮಾನರು ಅವನ ಮನೆಗೆ ಹೋಗಿ ಎರಡು ತಿಂಗಳು ಇರುತ್ತೇವೆ. ಆಗ ಒಂದು ವಾರ ಗ್ರೀಸ್ ನೋಡಿ ಬರೋಣ ಅಂತ ಆಸೆ. ಅಥೆನ್ಸ್ ಮೂರು ದಿನ, ಸ್ಯಾಂಟೊರಿನಿ ದ್ವೀಪ ನಾಲ್ಕು ದಿನ ಅಂದುಕೊಂಡಿದ್ದೇವೆ. ಮಗನ ಆಫೀಸಿನವರು "ಚಳಿಗಾಲದಲ್ಲಿ ಗ್ರೀಸ್ ಪೂರ್ತಿ ಬಾಗಿಲು ಹಾಕಿರುತ್ತೆ" ಅನ್ನುತ್ತಾರೆ. ನಮ್ಮ ಪಕ್ಕದ ಮನೆಯವರು "ಯೂರೋಪಿನ ಚಳಿ, ಹಿಮ, ಈ ವಯಸ್ಸಲ್ಲಿ ಯಾಕೆ ಬೇಕು" ಅಂದರು. ಇನ್ನೊಬ್ಬರು "ಆಫ್ ಸೀಸನ್ ಅಲ್ವಾ, ಎಲ್ಲಾ ಅರ್ಧ ರೇಟು, ಬಿಡಬೇಡಿ" ಅಂದರು. ಯಜಮಾನರಿಗೆ 66, ಸ್ವಲ್ಪ ಅಸ್ತಮಾ ಇದೆ. ನನಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು. ಯಾರ ಮಾತು ನಂಬಲಿ?

ಉತ್ತರ: ಮೇಡಂ, ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಮೂವರ ಮನಸ್ಸಿನಲ್ಲಿರುವುದೂ ಬೇರೆ ಬೇರೆ ಜಾಗ. ಮಗನ ಆಫೀಸಿನವರಿಗೆ ಗ್ರೀಸ್ ಅಂದರೆ ದ್ವೀಪ. ಬೇಸಿಗೆಯಲ್ಲಿ ಜರ್ಮನಿಯಿಂದ ನೇರ ವಿಮಾನ ಹತ್ತಿ ಸಮುದ್ರದ ದಂಡೆಯಲ್ಲಿ ಇಳಿಯುತ್ತಾರೆ, ವಾರ ಬಿಟ್ಟು ವಾಪಸ್. ಎಷ್ಟೋ ಜನ ಅಥೆನ್ಸ್ ಕಣ್ಣಲ್ಲೂ ನೋಡಿರುವುದಿಲ್ಲ. ಪಕ್ಕದ ಮನೆಯವರು ಹೇಳುವ ಚಳಿ ಮ್ಯೂನಿಕ್‌ನದು, ಅಥೆನ್ಸ್‌ದಲ್ಲ. ಇನ್ನು ಅರ್ಧ ರೇಟಿನ ಮಾತು ಹೋಟೆಲಿಗೆ ಮಾತ್ರ ಸುಮಾರಾಗಿ ಸರಿ.

ನೇರವಾಗಿ ಹೇಳಿಬಿಡುತ್ತೇನೆ. ಅಥೆನ್ಸ್‌ಗೆ ಧೈರ್ಯವಾಗಿ ಹೋಗಿ. ಮೂರಲ್ಲ, ಆರು ದಿನ ಇರಿ. ಸ್ಯಾಂಟೊರಿನಿಯ ನಾಲ್ಕು ದಿನವನ್ನು ಈ ಸಲ ಬಿಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಹದಿನಾಲ್ಕು ವರ್ಷದಿಂದ ನಮ್ಮ ಕಡೆಯವರನ್ನು ಗುಂಪು ಕಟ್ಟಿಕೊಂಡು ಆ ದೇಶಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ, ಈ ಪ್ರಶ್ನೆ ಪ್ರತಿ ಅಕ್ಟೋಬರ್‌ನಲ್ಲಿ ಬಂದೇ ಬರುತ್ತದೆ.

ಚಳಿಗಾಲದಲ್ಲಿ ಯಾವ ಊರಿಗೆ ಹೋಗುವ ಮುಂಚೆಯೂ ನಾನು ಕೇಳಿಕೊಳ್ಳುವುದು ಇಷ್ಟೇ: ಜನವರಿ ತಿಂಗಳ ಒಂದು ಮಂಗಳವಾರ ಸಂಜೆ ಆ ಊರಲ್ಲಿ ಯಾರಿರುತ್ತಾರೆ? ಅಥೆನ್ಸ್‌ನಲ್ಲಿ, ಸುತ್ತಮುತ್ತಲಿನದು ಸೇರಿ, 30 ಲಕ್ಷಕ್ಕೂ ಹೆಚ್ಚು ಜನ ಇರುತ್ತಾರೆ. ಸಂಸತ್ತು, ಕೋರ್ಟು, ವಿಶ್ವವಿದ್ಯಾಲಯ, ಮಾರುಕಟ್ಟೆ ಎಲ್ಲ ನಡೆಯುತ್ತಿರುತ್ತದೆ. ಆಫೀಸು ಬಿಟ್ಟವರು ಮೆಟ್ರೊ ಹತ್ತಿ ಮನೆಗೆ ಹೋಗುತ್ತಾರೆ, ದಾರಿಯಲ್ಲಿ ಕಾಫಿ ಕುಡಿಯುತ್ತಾರೆ, ಜಗಳ ಆಡುತ್ತಾರೆ. ಟೂರಿಸ್ಟ್ ಬರಲಿಲ್ಲ ಅಂತ ಅವರು ಬಾಗಿಲು ಹಾಕಿಕೊಂಡು ಕೂರಲು ಆಗುತ್ತದಾ? ನಿಜ ಹೇಳಬೇಕೆಂದರೆ ಅಥೆನ್ಸ್ ಬಿಕೋ ಅನ್ನುವುದು ಆಗಸ್ಟ್ 15ರ ಆಸುಪಾಸು. ಅವತ್ತು ಕನ್ಯಾ ಮೇರಿಯ ದೊಡ್ಡ ಹಬ್ಬ. ಊರಿನವರೆಲ್ಲ ತಮ್ಮ ಹಳ್ಳಿಗೋ ದ್ವೀಪಕ್ಕೋ ಹೋಗಿಬಿಡುತ್ತಾರೆ. ಬಡಾವಣೆಯ ಒಳ್ಳೆಯ ಊಟದ ಅಂಗಡಿಗಳ ಬಾಗಿಲಲ್ಲಿ ಚೀಟಿ ಅಂಟಿಸಿರುತ್ತಾರೆ. ಟೂರಿಸ್ಟರು ಮುಗಿಬೀಳುವ ಆಗಸ್ಟ್‌ನ ಊರೇ ನಿಜವಾಗಿ ಅರ್ಧ ಮುಚ್ಚಿದ ಊರು.

ನಾಟಕ, ಒಪೆರಾ, ಸಂಗೀತ ಕಛೇರಿಗಳಿಗೂ ಒಳಾಂಗಣದ ಕಾಲ ಚಳಿಗಾಲವೇ. ಪಾರ್ಥೆನಾನ್ ದೇವಸ್ಥಾನ ಇರುವ ಅಕ್ರೊಪೊಲಿಸ್ ಬೆಟ್ಟದ ಬುಡದ ಹೆರೋಡಿಸ್ ಅಟಿಕಸ್ ಬಯಲು ರಂಗಮಂದಿರದಲ್ಲಿ ಆಗ ಕಾರ್ಯಕ್ರಮ ಇರುವುದಿಲ್ಲ, ನಿಜ. ಅದರ ಬದಲು ಸಮುದ್ರದ ಕಡೆ ಸ್ಟಾವ್ರೊಸ್ ನಿಯಾರ್ಕೊಸ್ ಸಾಂಸ್ಕೃತಿಕ ಕೇಂದ್ರದಲ್ಲಿರುವ ರಾಷ್ಟ್ರೀಯ ಒಪೆರಾ ತುಂಬಿರುತ್ತದೆ. ರೆಬೇಟಿಕೊ ಅನ್ನುವ ಹಳೆಯ ಗ್ರೀಕ್ ಹಾಡು ಹಾಡುವ ಸಣ್ಣ ಊಟದ ಮನೆಗಳಿಗೂ ಇದೇ ಸುಗ್ಗಿ. ಭಾಷೆ ಬರದಿದ್ದರೂ ಪಕ್ಕದ ಮೇಜಿನ ಅಜ್ಜ ಕಣ್ಣು ಮುಚ್ಚಿ ಹಾಡುವುದನ್ನು ನೋಡುತ್ತಾ ಕೂರಬಹುದು.

ಈಗ ಅದೇ ಪ್ರಶ್ನೆಯನ್ನು ಸ್ಯಾಂಟೊರಿನಿಗೆ ಕೇಳಿ. ಅಲ್ಲಿ ವರ್ಷಪೂರ್ತಿ ಇರುವ ಜನ ಸುಮಾರು 15,000. ಅವರೂ ಹೆಚ್ಚಾಗಿ ಮುಖ್ಯ ಊರಾದ ಫಿರಾದಲ್ಲಿ, ಒಳನಾಡಿನ ಹಳ್ಳಿಗಳಲ್ಲಿ ಇರುವವರು. ನೀವು ಫೋಟೊದಲ್ಲಿ ನೋಡಿರುವ ನೀಲಿ ಗುಮ್ಮಟದ ಊರು ಓಯಾ, ಅವರ ಬಾಯಲ್ಲಿ "ಈಯಾ", ಬಹುಪಾಲು ಬೇಸಿಗೆಯ ಅತಿಥಿಗಳನ್ನು ನಂಬಿಕೊಂಡ ಊರು. ನವೆಂಬರ್ ಬಂತು ಅಂದರೆ ಹೋಟೆಲಿನವರು ಕುರ್ಚಿ ಒಳಗೆ ಹಾಕಿ, ಈಜುಕೊಳ ಖಾಲಿ ಮಾಡಿ, ಅಥೆನ್ಸ್‌ಗೋ ತಮ್ಮ ಊರಿಗೋ ಹೋಗುತ್ತಾರೆ. ಜನವರಿಯಲ್ಲಿ ಅಲ್ಲಿ ಕೇಳಿಸುವುದು ಡ್ರಿಲ್ಲಿಂಗ್ ಮಷೀನ್ ಸದ್ದು. ಗೋಡೆ ಒಡೆಯುವುದು, ಸುಣ್ಣ ಬಳಿಯುವುದು, ಮುಂದಿನ ಏಪ್ರಿಲ್‌ಗೆ ತಯಾರಿ. ಗುಮ್ಮಟ ಅಲ್ಲೇ ಇರುತ್ತದೆ, ನೀಲಿಯಾಗೇ ಇರುತ್ತದೆ. ಆದರೆ ಮಧ್ಯಾಹ್ನ ಎರಡಕ್ಕೆ ಒಂದು ಬಿಸಿ ಸೂಪ್ ಬೇಕು ಅಂದರೆ ಹುಡುಕಿಕೊಂಡು ಅಲೆಯಬೇಕು. ಬಸ್ಸುಗಳೂ ಕಡಿಮೆ. ಸುಮ್ಮನೆ ಮೌನ ಬೇಕು, ಜ್ವಾಲಾಮುಖಿಯ ಅಂಚಿನಲ್ಲಿ ಒಬ್ಬರೇ ನಡೆಯಬೇಕು ಅನ್ನುವವರಿಗೆ ಅದು ಸ್ವರ್ಗ. ಮಂಡಿ ನೋವಿರುವವರಿಗೆ, ಮೆಟ್ಟಿಲೇ ಮೆಟ್ಟಿಲಿನ ಊರಲ್ಲಿ, ಜೋರು ಗಾಳಿಯಲ್ಲಿ, ನಾಲ್ಕು ದಿನ? ನನಗಂತೂ ಮನಸ್ಸು ಒಪ್ಪುವುದಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಸಮುದ್ರ. ಇದನ್ನು ನಾನು ಪೆಟ್ಟು ತಿಂದೇ ಕಲಿತಿದ್ದು. ಮೊದಮೊದಲು, ಒಮ್ಮೆ ಜನವರಿ ಕೊನೆಯಲ್ಲಿ, ಹನ್ನೊಂದು ಜನರನ್ನು ಬೆಳಗಿನ ಜಾವ ಐದೂವರೆಗೆ ಎಬ್ಬಿಸಿ ಅಥೆನ್ಸ್‌ನ ಪಿರೇಯಸ್ ಬಂದರಿಗೆ ಕರೆದುಕೊಂಡು ಹೋದೆ. ಆಕಾಶದಲ್ಲಿ ಒಂದು ಮೋಡ ಇಲ್ಲ. ಚುಕ್ಕಿಗಳು ಕಾಣುತ್ತಿದ್ದವು. ಹಡಗು ದೀಪ ಹಚ್ಚಿಕೊಂಡು ನಿಂತಿತ್ತು, ಆದರೆ ಅದರ ಬಾಗಿಲು ಮೇಲಕ್ಕೆ ಎತ್ತಿತ್ತು. ಟಿಕೆಟ್ ಕಿಟಕಿಯಲ್ಲಿದ್ದ ಹೆಂಗಸು ತಲೆ ಎತ್ತದೆ ಒಂದೇ ಪದ ಹೇಳಿದಳು: "ಅಪಗೊರೆಫ್ಟಿಕೊ." ಅಂದರೆ ನಿಷೇಧ. ಗಾಳಿಯ ಜೋರನ್ನು ಅಳೆಯುವ ಬ್ಯೂಫೋರ್ಟ್ ಅಳತೆಯಲ್ಲಿ 8 ಮುಟ್ಟಿತು ಅಂದರೆ ಬಂದರಿನ ಅಧಿಕಾರಿಗಳು ಹಡಗು ಬಿಡಗೊಡುವುದಿಲ್ಲ. ಬಂದರಿನೊಳಗೆ ಎಲೆ ಅಲ್ಲಾಡದಿದ್ದರೂ ನಡು ಏಜಿಯನ್ ಸಮುದ್ರದಲ್ಲಿ ಗಾಳಿ ಹೊಡೆಯುತ್ತಿರುತ್ತದೆ. ನಾವು ಎರಡು ದಿನ ಕಾದೆವು. ಹಡಗಿನ ದುಡ್ಡು ವಾಪಸ್ ಬಂತು, ದ್ವೀಪದ ಹೋಟೆಲಿನದು ಬರಲಿಲ್ಲ. ತಪ್ಪು ನನ್ನದೇ. ವಾಪಸ್ ಕೊಡದ ರೇಟಿನಲ್ಲಿ ಬುಕ್ ಮಾಡಿದ್ದೆ, ಎರಡು ಸಾವಿರ ರೂಪಾಯಿ ಉಳಿಸಲು ಹೋಗಿ.

ಬೇಸಿಗೆಯಲ್ಲೂ ಏಜಿಯನ್‌ನಲ್ಲಿ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಬೀಸುತ್ತದೆ, ಆಗಲೂ ಹಡಗು ನಿಲ್ಲುವುದುಂಟು. ಆದರೆ ಬೇಸಿಗೆಯಲ್ಲಿ ಇವತ್ತಿನದು ತಪ್ಪಿದರೆ ನಾಳೆ ಹತ್ತು ಹಡಗು. ಚಳಿಗಾಲದಲ್ಲಿ ಕೆಟಮರಾನ್ ಅನ್ನುವ ವೇಗದ ಹಡಗುಗಳು ಬಹುತೇಕ ನಿಂತಿರುತ್ತವೆ. ಉಳಿಯುವುದು ಸ್ಯಾಂಟೊರಿನಿಗೆ ಏಳೆಂಟು ಗಂಟೆ ತೆಗೆದುಕೊಳ್ಳುವ ದೊಡ್ಡ ಹಡಗು. ಅಥೆನ್ಸ್‌ನಿಂದ ವಿಮಾನ ವರ್ಷಪೂರ್ತಿ ಇದೆ, ಮುಕ್ಕಾಲು ಗಂಟೆ ಸಾಕು. ಗಾಳಿ ಜೋರಾದರೆ ಅದೂ ರದ್ದಾಗುತ್ತದೆ. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. 2025ರ ಜನವರಿ ಕೊನೆಯಿಂದ ಸ್ಯಾಂಟೊರಿನಿ ಸುತ್ತ ಭೂಕಂಪಗಳ ಸರಮಾಲೆಯೇ ಆಗಿ ಸಾವಿರಾರು ಜನ ದ್ವೀಪ ಬಿಟ್ಟು ಬಂದಿದ್ದರು. ಅದು ಚಳಿಗಾಲಕ್ಕೆ ಸಂಬಂಧಪಟ್ಟಿದ್ದಲ್ಲ, ಅದರಿಂದಾಗಿ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಹೊರಡುವ ವಾರ ಸುದ್ದಿ ನೋಡಿಕೊಳ್ಳಿ ಅಷ್ಟೇ.

ಇಷ್ಟೆಲ್ಲ ಕೇಳಿಯೂ "ಇಲ್ಲ, ಒಮ್ಮೆ ನೋಡಲೇಬೇಕು, ಇನ್ನು ಯಾವಾಗ ಬರುತ್ತೇವೋ" ಅನ್ನಿಸಿದರೆ ಅದಕ್ಕೂ ದಾರಿ ಇದೆ. ನಿಮ್ಮ ವಾರದ ಮೊದಲ ಭಾಗದಲ್ಲೇ ಹೋಗಿ, ಒಂದು ಅಥವಾ ಎರಡು ರಾತ್ರಿ ಸಾಕು. ಓಯಾ ಬೇಡ, ಫಿರಾದಲ್ಲಿ ಉಳಿಯಿರಿ. ಅಕ್ರೊಟಿರಿ ಅನ್ನುವ ಪುರಾತನ ಊರಿನ ಉತ್ಖನನದ ಜಾಗಕ್ಕೆ ಪೂರ್ತಿ ಚಾವಣಿ ಇದೆ, ಮಳೆ ಬಂದರೂ ನೋಡಬಹುದು. ಹೋಟೆಲು ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದೇ ಆಗಿರಲಿ. ಮುಖ್ಯವಾಗಿ, ಮ್ಯೂನಿಕ್ ವಿಮಾನಕ್ಕೆ ಎರಡು ದಿನ ಮುಂಚೆ ಅಥೆನ್ಸ್‌ಗೆ ವಾಪಸ್ ಬಂದಿರಬೇಕು.

ದ್ವೀಪ ಅನ್ನುವುದೇ ಆಸೆಯಾದರೆ ನನ್ನ ಸಲಹೆ ಎಜೀನಾ. ಪಿರೇಯಸ್‌ನಿಂದ ಒಂದೂಕಾಲು ಗಂಟೆಯ ಹಡಗು. ಸರೋನಿಕ್ ಕೊಲ್ಲಿಯೊಳಗೆ ಇರುವುದರಿಂದ ಗಾಳಿಯ ಹೊಡೆತ ಕಡಿಮೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಲ್ಲಿ ಊರಿನವರೇ ಇರುತ್ತಾರೆ. ಬಂದರಿನ ಪಕ್ಕ ಪಿಸ್ತಾ ಮಾರುತ್ತಾರೆ, ಅವರದೇ ತೋಟದ್ದು, ಎಜೀನಾ ಪಿಸ್ತಾ ಅಂದರೆ ಹೆಸರುವಾಸಿ. ಗುಡ್ಡದ ಮೇಲೆ ಪೈನ್ ಮರಗಳ ನಡುವೆ ಅಫೈಯಾ ದೇವಸ್ಥಾನ. ಕ್ರಿ.ಪೂ. 500ರ ಸುಮಾರಿನದು. ಒಮ್ಮೆ ಫೆಬ್ರವರಿಯಲ್ಲಿ ಅಲ್ಲಿ ನಾವು ಆರು ಜನ, ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಕಾಲಿನ ಕೆಳಗೆಲ್ಲ ಹಸಿರು, ಅದರ ಮಧ್ಯೆ ನೇರಳೆ ಬಣ್ಣದ ಪುಟ್ಟ ಎನಿಮೊನಿ ಹೂವು.

ಆ ಹಸಿರಿನ ವಿಷಯದಿಂದಲೇ ಹವೆಗೆ ಬರುತ್ತೇನೆ. ನಮಗೆ ಬೇಸಿಗೆ ಕಳೆದ ಮೇಲೆ ಮಳೆ. ಅವರಿಗೆ ಬೇಸಿಗೆ ಅಂದರೆ ಹನಿ ನೀರಿಲ್ಲ, ಮಳೆ ಏನಿದ್ದರೂ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಸಹಾರಾ ಕಡೆಯ ಒಣ ಹವೆಯ ಪಟ್ಟಿ ಉತ್ತರಕ್ಕೆ ಸರಿದು ಮೆಡಿಟರೇನಿಯನ್ ಮೇಲೆ ಕೂತುಬಿಡುತ್ತದೆ, ಮೋಡ ಹತ್ತಿರ ಬರಲು ಬಿಡುವುದಿಲ್ಲ. ಚಳಿಗಾಲದಲ್ಲಿ ಅದು ಕೆಳಗೆ ಜಾರುತ್ತದೆ. ಆಗ ಪಶ್ಚಿಮದಿಂದ ಮಳೆ ಮೋಡ ಒಳಗೆ ಬರುತ್ತದೆ. ಹಾಗಾಗಿ ಆಗಸ್ಟ್‌ನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಗುಡ್ಡಗಳು ಜನವರಿಯಲ್ಲಿ ನಮ್ಮ ಜುಲೈ ತಿಂಗಳ ಗುಡ್ಡಗಳ ಹಾಗೆ ಇರುತ್ತವೆ.

ಹಾಗಂತ ಮಳೆಗೆ ಹೆದರಬೇಡಿ. ನೀವು ಶಿವಮೊಗ್ಗದವರು, ನಿಮಗೆ ಇದನ್ನು ವಿವರಿಸುವುದು ಸುಲಭ. ಆಗುಂಬೆಗೆ ಸುರಿದ ಮಳೆ ಚಳ್ಳಕೆರೆಗೆ ಬರುವುದಿಲ್ಲ, ಘಟ್ಟ ಅಡ್ಡ ಇದೆ. ಗ್ರೀಸಿನ ನಡುವೆಯೂ ಪಿಂಡಸ್ ಅಂತ ಒಂದು ಬೆಟ್ಟಸಾಲು ಇದೆ. ಪಶ್ಚಿಮದ ಕೊರ್ಫುಗೆ ವರ್ಷಕ್ಕೆ 1,000 ಮಿಲಿಮೀಟರಿಗೂ ಜಾಸ್ತಿ ಮಳೆ, ಬೆಟ್ಟದ ಈಚೆಗಿರುವ ಅಥೆನ್ಸ್‌ಗೆ ಸುಮಾರು 400 ಮಾತ್ರ. ಜನವರಿಯಲ್ಲಿ ಒಂದು ವಾರ ಇದ್ದರೆ ಒಂದೆರಡು ದಿನ ಮಳೆ ಸಿಗಬಹುದು, ನಮ್ಮ ಜಿಟಿಜಿಟಿ ಮಳೆಯ ಹಾಗೆ ವಾರಗಟ್ಟಲೆ ಹಿಡಿಯುವುದಿಲ್ಲ. ಆದರೆ ಬಂದಾಗ ಗಾಳಿ ಸಮೇತ ಬರುತ್ತದೆ. ಛತ್ರಿ ಉಲ್ಟಾ ಆಗುತ್ತದೆ. ಟೋಪಿ ಇರುವ ರೇನ್‌ಕೋಟು ತೆಗೆದುಕೊಂಡು ಹೋಗಿ.

ಚಳಿ ಎಷ್ಟು? ಜನವರಿಯಲ್ಲಿ ಹಗಲು ಸುಮಾರು 13 ಡಿಗ್ರಿ, ರಾತ್ರಿ 7ರ ಹತ್ತಿರ. ಸೊನ್ನೆಯ ಆಸುಪಾಸು ಇರುವ ಮ್ಯೂನಿಕ್‌ನಿಂದ ಬಂದವರಿಗೆ ಇದು ಹಿತವಾಗಿಯೇ ಇರುತ್ತದೆ. ಹಿಮ ಬೀಳುವುದು ಅಪರೂಪ, ಆದರೆ ಬೀಳುವುದೇ ಇಲ್ಲ ಅನ್ನಲಾರೆ. 2021ರ ಫೆಬ್ರವರಿಯಲ್ಲಿ, 2022ರ ಜನವರಿಯಲ್ಲಿ ಜೋರಾಗಿ ಬಿದ್ದು ಊರೇ ನಿಂತುಹೋಗಿತ್ತು. 2022ರಲ್ಲಂತೂ ಹೊರವಲಯದ ಹೆದ್ದಾರಿಯಲ್ಲಿ ಜನ ರಾತ್ರಿಯಿಡೀ ಕಾರಲ್ಲೇ ಕೂತಿದ್ದರು. ಅಂಥದ್ದು ಎದುರಾದರೆ ಒಂದು ದಿನ ಹೋಟೆಲಲ್ಲಿ ಕೂತು ಕಿಟಕಿಯಿಂದ ನೋಡಿ, ಅಷ್ಟೇ.

ಇದಕ್ಕೆ ಉಲ್ಟಾ ಇನ್ನೊಂದು ನಂಬಿಕೆ ಇದೆ. ಜನವರಿಯಲ್ಲಿ "ಹಾಲ್ಸಿಯನ್ ದಿನಗಳು" ಬರುತ್ತವೆ, ಬಿಸಿಲೋ ಬಿಸಿಲು ಅಂತ. ಕತೆ ಚೆನ್ನಾಗಿದೆ. ಗಾಳಿದೇವ ಇಯೋಲಸ್‌ನ ಮಗಳು ಆಲ್ಸಿಯೊನಿ. ಗಂಡ ಸಮುದ್ರದಲ್ಲಿ ಮುಳುಗಿ ಸತ್ತ. ದೇವರುಗಳು ಕನಿಕರಪಟ್ಟು ಇಬ್ಬರನ್ನೂ ಮಿಂಚುಳ್ಳಿ ಹಕ್ಕಿ ಮಾಡಿದರು. ನಡುಚಳಿಗಾಲದಲ್ಲಿ ಅವಳು ಮೊಟ್ಟೆಯಿಟ್ಟು ಕಾವು ಕೊಡುವಾಗ ಅಪ್ಪ ಹದಿನಾಲ್ಕು ದಿನ ಗಾಳಿಯನ್ನು ಕಟ್ಟಿಹಾಕುತ್ತಾನೆ. ಈ ದಿನಗಳು ನಿಜವಾಗಿಯೂ ಬರುತ್ತವೆ. ಹವೆಯ ಒತ್ತಡ ಜಾಸ್ತಿಯಾಗಿ ಗಾಳಿ ಸತ್ತು, ಬಿಸಿಲು ಬಿದ್ದು, ಜನ ಸ್ವೆಟರ್ ಬಿಚ್ಚಿ ಹೊರಗೆ ಕೂರುತ್ತಾರೆ. ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ ಯಾವಾಗ ಬೇಕಾದರೂ ಬರಬಹುದು, ಜನವರಿಯಲ್ಲಿ ಹೆಚ್ಚು. ಕೆಲವು ವರ್ಷ ಬರುವುದೇ ಇಲ್ಲ. ಇದನ್ನು ನಂಬಿ ಟಿಕೆಟ್ ಮಾಡಬೇಡಿ, ಸಿಕ್ಕರೆ ಪುಣ್ಯ.

ಯಾರೂ ಹೇಳದ ಚಳಿ ಒಂದಿದೆ, ಮನೆಯೊಳಗಿನ ಚಳಿ. ನಮ್ಮವರು ಹೆಚ್ಚು ನಡುಗುವುದು ಅಲ್ಲೇ. ಅಥೆನ್ಸ್‌ನ ಎಷ್ಟೋ ಅಪಾರ್ಟ್‌ಮೆಂಟುಗಳು 60, 70ರ ದಶಕದವು. ನೆಲ ಮೊಸಾಯಿಕ್ ಇಲ್ಲವೇ ಅಮೃತಶಿಲೆ, ಕಟ್ಟಿರುವುದೇ ಬೇಸಿಗೆಯ ತಂಪಿಗಾಗಿ. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್. ಅದನ್ನು ಬೆಳಿಗ್ಗೆ ಎಷ್ಟು ಹೊತ್ತು, ಸಂಜೆ ಎಷ್ಟು ಹೊತ್ತು ಉರಿಸಬೇಕು ಅಂತ ನಿವಾಸಿಗಳು ಸಭೆ ಸೇರಿ ತೀರ್ಮಾನಿಸಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ನಿಮಗೆ ಚಳಿಯಾದರೆ ಯಾರೂ ಏನೂ ಮಾಡಲಾರರು. ಮ್ಯೂನಿಕ್‌ನ ಮಗನ ಮನೆ ಹೊರಗೆ ಮೈನಸ್ ಇದ್ದರೂ ಒಳಗೆ ಬೆಚ್ಚಗಿರುತ್ತದೆ. ಅಥೆನ್ಸ್ ಹೊರಗೆ 10 ಡಿಗ್ರಿ, ಒಳಗೆ ಪಾದ ಜುಮ್ ಅನ್ನುತ್ತದೆ. ಆದ್ದರಿಂದ ಬಾಡಿಗೆ ಫ್ಲಾಟ್ ತೆಗೆದುಕೊಂಡರೆ ಕೋಣೆಯಲ್ಲಿ ನಾವೇ ಹಾಕಿಕೊಳ್ಳುವ ಹೀಟಿಂಗ್ ಇದೆಯಾ, ಬಿಸಿಗಾಳಿ ಕೊಡುವ ಎಸಿ ಇದೆಯಾ ಅಂತ ಬರೆದು ಕೇಳಿ. ನಿಮ್ಮಿಬ್ಬರಿಗೆ ನಾನು ಹೋಟೆಲನ್ನೇ ಹೇಳುತ್ತೇನೆ. ದಪ್ಪ ಉಣ್ಣೆ ಕಾಲುಚೀಲ, ಒಂದು ಜೊತೆ ಮನೆ ಚಪ್ಪಲಿ ಮರೆಯಬೇಡಿ.

ಯಜಮಾನರ ಅಸ್ತಮಾ ವಿಷಯಕ್ಕೂ ಇದಕ್ಕೂ ನಂಟಿದೆ. ದೇಶಕ್ಕೆ ಹಣದ ಮುಗ್ಗಟ್ಟು ಬಂದಾಗ, 2012ರಲ್ಲಿ, ಬಾಯ್ಲರ್ ಎಣ್ಣೆಯ ಮೇಲೆ ತೆರಿಗೆ ಏರಿಸಿದರು. ಜನ ಒಲೆಗೂಡಿನಲ್ಲಿ ಸೌದೆ ಉರಿಸಲು ಶುರು ಮಾಡಿದರು. ಆ ಚಳಿಗಾಲ ಊರಿನ ಮೇಲೆ ಹೊಗೆ ಕವಿದಿತ್ತು. ಈಗ ಅಷ್ಟಿಲ್ಲ. ಆದರೂ ಗಾಳಿ ಇಲ್ಲದ ತಣ್ಣನೆಯ ರಾತ್ರಿಗಳಲ್ಲಿ ಮನೆಗಳ ಬಡಾವಣೆಗಳಲ್ಲಿ ಸೌದೆ ವಾಸನೆ ಮೂಗಿಗೆ ಬಡಿಯುತ್ತದೆ. ಅಂಥ ರಾತ್ರಿ ಊಟ ಮುಗಿಸಿ ಬೇಗ ಒಳಗೆ ಬನ್ನಿ. ಇನ್ನೊಂದು, ಹೋಟೆಲು ಕಾಫಿ ಅಂಗಡಿಗಳ ಒಳಗೆ ಸಿಗರೇಟ್ ಸೇದುವಂತಿಲ್ಲ, 2019ರಿಂದ ಆ ಕಾನೂನನ್ನು ಗಟ್ಟಿಯಾಗಿ ಜಾರಿ ಮಾಡಿದ್ದಾರೆ. ಹೊರಗಡೆಯ ಜಾಗವನ್ನು ಮಾತ್ರ ಚಳಿಗಾಲದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪರದೆಯಿಂದ ಮುಚ್ಚಿ ಹೀಟರ್ ಇಟ್ಟಿರುತ್ತಾರೆ. ನೋಡಲು ಬೆಚ್ಚಗೆ, ಚಂದ. ಸಿಗರೇಟ್ ಸೇದುವವರೆಲ್ಲ ಕೂರುವುದು ಅಲ್ಲೇ. ನೀವು ಸೀದಾ ಒಳಗೆ ಹೋಗಿ. ಇನ್‌ಹೇಲರ್ ಕೈಚೀಲದಲ್ಲಿರಲಿ, ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ, ಹೊರಡುವ ಮುಂಚೆ ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ.

ನಿಮ್ಮ ಮಂಡಿಗೆ ಬರೋಣ. ಅಕ್ರೊಪೊಲಿಸ್‌ನಲ್ಲಿ ನಾನು ಚಳಿಗಿಂತ ಜಾಸ್ತಿ ಹೆದರುವುದು ಕಲ್ಲಿಗೆ. ಎರಡೂವರೆ ಸಾವಿರ ವರ್ಷ ಕಾಲು ತಾಗಿ ತಾಗಿ ನುಣುಪಾದ ಅಮೃತಶಿಲೆ ಅದು. ಒಣಗಿದ್ದಾಗಲೇ ಜಾರುತ್ತದೆ, ಒದ್ದೆಯಾದರೆ ಸೋಪು ಹಚ್ಚಿದ ಹಾಗೆ. ಬೇಸಿಗೆಯಲ್ಲಿ ಎಲ್ಲರಿಗೂ "ಬೆಳಿಗ್ಗೆ ಎಂಟಕ್ಕೇ ಹೋಗಿ" ಅನ್ನುತ್ತೇವೆ. ಚಳಿಗಾಲದಲ್ಲಿ ಹಾಗೆ ಮಾಡಬೇಡಿ, ಆಗ ಕಲ್ಲಿನ ಮೇಲೆ ಇಬ್ಬನಿ ಇರುತ್ತದೆ. ಹನ್ನೊಂದರ ಹೊತ್ತಿಗೆ ಹೋಗಿ, ಬಿಸಿಲಿಗೆ ಒಣಗಿರುತ್ತದೆ. ರಬ್ಬರ್ ತಳದ ಶೂ ಹಾಕಿ. ನಮ್ಮ ಎಷ್ಟೋ ಅಮ್ಮಂದಿರು ಸೀರೆ ಉಟ್ಟೇ ಹತ್ತಿದ್ದಾರೆ, ಒಳಗೆ ಥರ್ಮಲ್ ಲೆಗ್ಗಿಂಗ್ ಹಾಕಿ. ಸೀರೆ ಅಡ್ಡಿಯಿಲ್ಲ, ಆದರೆ ಎರಡು ಬೆರಳು ಎತ್ತಿ ಉಡಿ. ನೆರಿಗೆ ಒದ್ದೆಯಾದರೆ ಇಳಿಯುವಾಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಮೇಲೆ ಹೋಗಿ ನಿಂತ ಮೇಲೆ ಸಮತಟ್ಟಾದ ಕಾಂಕ್ರೀಟ್ ದಾರಿ ಇದೆ. ಕೆಲವು ವರ್ಷಗಳ ಹಿಂದೆ ಹಾಕಿದರು. ಚಂದ ಕೆಡಿಸಿದರು ಅಂತ ಗಲಾಟೆಯೂ ಆಯಿತು. ಮಂಡಿ ನೋವಿನವರ ಪಾಲಿಗೆ ಅದು ವರವೇ. ಬೆಟ್ಟದ ಉತ್ತರ ಬದಿಯಲ್ಲಿ 2020ರ ಡಿಸೆಂಬರ್‌ನಿಂದ ಹೊಸ ಲಿಫ್ಟ್ ಕೂಡ ಇದೆ, ನಡೆಯಲು ಕಷ್ಟ ಇರುವವರಿಗೆ. ನಿಮ್ಮ ನೋವು ಆ ಮಟ್ಟದ್ದಾದರೆ ಗೇಟಿನಲ್ಲಿ ಕೇಳಿ. ಅವತ್ತು ಓಡುತ್ತಿದೆಯಾ ಅನ್ನುವುದನ್ನೂ ಮೊದಲೇ ವಿಚಾರಿಸಿ.

ಬೇಸಿಗೆಯ ಸ್ಥಿತಿ ನೋಡಿದವನಾಗಿ ಒಂದು ಮಾತು. 2023ರ ಜುಲೈಯಲ್ಲಿ ಬಿಸಿಲು 40 ಡಿಗ್ರಿ ದಾಟಿ ಮಧ್ಯಾಹ್ನದ ಹೊತ್ತು ಅಕ್ರೊಪೊಲಿಸ್ ಅನ್ನೇ ಮುಚ್ಚಿದ್ದರು. ನೂಕುನುಗ್ಗಲು ತಡೆಯಲು ಅದೇ ವರ್ಷ ಸೆಪ್ಟೆಂಬರ್‌ನಿಂದ ದಿನಕ್ಕೆ 20,000 ಜನ ಅಂತ ಮಿತಿ ಹಾಕಿ, ಗಂಟೆ ಲೆಕ್ಕದ ಟಿಕೆಟ್ ಶುರು ಮಾಡಿದರು. ಜನವರಿಯಲ್ಲಿ ಆ ನೂಕುನುಗ್ಗಲು ಇಲ್ಲ. ಪಾರ್ಥೆನಾನ್ ಮುಂದೆ ನಿಂತು ಕಂಬಗಳನ್ನು ಎಣಿಸುವಷ್ಟು ಪುರುಸೊತ್ತು ಸಿಗುತ್ತದೆ. ಚಳಿಗಾಲದ ಸೂರ್ಯ ತಗ್ಗಿನಲ್ಲೇ ಸಾಗುವುದರಿಂದ ಮಧ್ಯಾಹ್ನವೂ ಕಲ್ಲು ಬೆಣ್ಣೆ ಬಣ್ಣಕ್ಕಿರುತ್ತದೆ.

ಹಗಲು ಮಾತ್ರ ಚಿಕ್ಕದು. ಸೂರ್ಯ ಹುಟ್ಟುವಾಗ ಏಳೂವರೆ ಆಗಿರುತ್ತದೆ, ಐದೂವರೆಯ ಆಸುಪಾಸಿಗೆ ಮುಳುಗುತ್ತಾನೆ. ಅಕ್ರೊಪೊಲಿಸ್ ಸಂಜೆ 5ಕ್ಕೆ ಮುಚ್ಚುತ್ತದೆ. ಹಾಗಾಗಿ ಬೆಳಕಿರುವಾಗ ಬಯಲು, ಕತ್ತಲಾದ ಮೇಲೆ ಮ್ಯೂಸಿಯಂ. ಅಕ್ರೊಪೊಲಿಸ್ ಮ್ಯೂಸಿಯಂ ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತದೆ. ಮೇಲಿನ ಮಹಡಿಯ ಗಾಜಿನ ಗೋಡೆಯಿಂದ ದೀಪ ಹಚ್ಚಿದ ಪಾರ್ಥೆನಾನ್ ಎದುರಿಗೇ ಕಾಣುತ್ತದೆ. ಕೆಳಗಿನ ಮಹಡಿಯಲ್ಲಿ ಕಂಬದ ಬದಲು ಚಾವಣಿ ಹೊತ್ತು ನಿಂತ ಹೆಂಗಸರ ಐದು ಮೂಲ ಶಿಲ್ಪಗಳಿವೆ. ಆರನೆಯದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದಕ್ಕೊಂದು ಜಾಗ ಖಾಲಿ ಬಿಟ್ಟಿದ್ದಾರೆ, ನೋಡಿ. ಮಳೆಯ ದಿನಕ್ಕೆ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಇಟ್ಟುಕೊಳ್ಳಿ. ಮಂಗಳವಾರ ಮಾತ್ರ ಅದು ಮಧ್ಯಾಹ್ನ 1ಕ್ಕೆ ತೆರೆಯುತ್ತದೆ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ಹೋಟೆಲು ಅಗ್ಗ, ಹೌದು. ಹೋಟೆಲಿನವರು ರಾತ್ರಿಗಿಷ್ಟು ಅಂತ ವಸೂಲಿ ಮಾಡುವ ಸರ್ಕಾರಿ ಶುಲ್ಕವೂ ಚಳಿಗಾಲದಲ್ಲಿ ಕಡಿಮೆ. ಆದರೆ ಕ್ರಿಸ್‌ಮಸ್‌ನಿಂದ ಜನವರಿ 6ರವರೆಗೆ ಅವರಿಗೂ ಹಬ್ಬ, ಆಗ ರೇಟು ಇಳಿದಿರುವುದಿಲ್ಲ. ಅಕ್ರೊಪೊಲಿಸ್ ಟಿಕೆಟ್ ಮೊದಲೆಲ್ಲ ಚಳಿಗಾಲದಲ್ಲಿ ಅರ್ಧ ಬೆಲೆ ಇತ್ತು. "ಎಲ್ಲಾ ಅರ್ಧ ರೇಟು" ಅಂದವರು ಹೇಳಿದ್ದು ಆ ಕಾಲದ ಮಾತು. 2025ರ ಏಪ್ರಿಲ್‌ನಿಂದ ವರ್ಷಪೂರ್ತಿ 30 ಯೂರೊ. 65 ದಾಟಿದವರ ರಿಯಾಯಿತಿ ಯೂರೋಪಿಯನ್ ಒಕ್ಕೂಟದವರಿಗೆ, ಯಜಮಾನರಿಗೆ ಸಿಗುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಮಾತ್ರ ಎಲ್ಲರಿಗೂ ಉಚಿತ. ನಿಮ್ಮ ವಾರ ಫೆಬ್ರವರಿಯ ಮೊದಲ ಭಾನುವಾರವನ್ನು ಒಳಗೊಂಡರೆ ಇಬ್ಬರಿಗೆ 60 ಯೂರೊ ಉಳಿಯಿತು. ಜನವರಿಯ ಎರಡನೇ ಸೋಮವಾರದಿಂದ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟವೂ ಇರುತ್ತದೆ. ಮಗನಿಗೆ ಸ್ವೆಟರ್ ಕೊಳ್ಳುವುದಿದ್ದರೆ ಮ್ಯೂನಿಕ್‌ನಲ್ಲಿ ಕೊಳ್ಳಬೇಡಿ.

ಊಟದ ಬಗ್ಗೆ ನೀವು ಅಷ್ಟಾಗಿ ಕೇಳಿಲ್ಲ. ಆದರೆ ಸಸ್ಯಾಹಾರಿಗಳಿಗೆ ಗ್ರೀಸ್ ಚಳಿಗಾಲದಲ್ಲೇ ಚೆನ್ನ. ಫಸೊಲಾಡ ಅಂತ ಬಿಳಿ ಹುರುಳಿಕಾಯಿ ಬೀಜದ ಸೂಪ್, ನಮ್ಮ ಕಾಳಿನ ಸಾರಿಗೆ ಹತ್ತಿರದ ಸಂಬಂಧಿ. ದೊಡ್ಡ ಅವರೆಯಂಥ ಕಾಳನ್ನು ಟೊಮೆಟೊ ಹಾಕಿ ಒಲೆಯಲ್ಲಿ ಬೇಯಿಸಿದ ಗಿಗಾಂಟೆಸ್. ಕಡಲೆಕಾಳಿನ ರೆವಿಥಾಡ. ಹೊರ್ತಾ ಅಂದರೆ ಬೇಯಿಸಿದ ಸೊಪ್ಪು, ಮೇಲೆ ಎಣ್ಣೆ, ನಿಂಬೆ. ಗುಡ್ಡದ ಸೊಪ್ಪು ಚಿಗುರುವುದೇ ಮಳೆ ಬಂದ ಮೇಲೆ, ಆದ್ದರಿಂದ ಇದರ ಕಾಲ ಈಗಲೇ. ಒಂದು ಪದ ಕಲಿತು ಹೋಗಿ: "ನಿಸ್ತೀಸಿಮೊ". ಚರ್ಚಿನ ಉಪವಾಸಕ್ಕೆ ಆಗುವ ಊಟ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಹುಷಾರ್! ಅವರ ಉಪವಾಸಕ್ಕೆ ಸಿಗಡಿ, ಆಕ್ಟೋಪಸ್ ನಡೆಯುತ್ತದೆ. ನಮ್ಮ ಗುಂಪಿನ ಒಬ್ಬರು ದಾವಣಗೆರೆ ಹಿರಿಯರು "ಉಪವಾಸದ್ದು ತಾನೇ" ಅಂತ ನಿಶ್ಚಿಂತೆಯಿಂದ ಆರ್ಡರ್ ಮಾಡಿದರು. ತಟ್ಟೆಯಲ್ಲಿ ಸಣ್ಣ ಸಣ್ಣ ಕಾಲು ಕಾಣಿಸಿದ ಮೇಲೆ ಮೂರು ದಿನ ಬ್ರೆಡ್ಡು, ಬಾಳೆಹಣ್ಣು ಬಿಟ್ಟು ಬೇರೆ ಮುಟ್ಟಲಿಲ್ಲ. ಆ ಪದ ಹೇಳಿದ ಮೇಲೆ "ಸಮುದ್ರದ್ದೂ ಬೇಡ" ಅಂತ ಸೇರಿಸಿ.

ವೀಸಾ ವಿಷಯದಲ್ಲಿ ನಿಮ್ಮ ದಾರಿ ಸುಲಭ. ಹೆಚ್ಚು ದಿನ ಇರುವುದು ಜರ್ಮನಿಯಲ್ಲಿ, ಆದ್ದರಿಂದ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ಜರ್ಮನಿಗೇ ಅರ್ಜಿ ಹಾಕಿ. ಗ್ರೀಸಿಗೆ ಬೇರೆ ಬೇಕಿಲ್ಲ. ಅರ್ಜಿಯಲ್ಲಿ ಅಥೆನ್ಸ್ ವಾರವನ್ನೂ ತೋರಿಸಿಬಿಡಿ, ಮುಚ್ಚಿಡುವಂಥದ್ದೇನಿಲ್ಲ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯೇ ಹಾಕಬಹುದು. 30,000 ಯೂರೊ ವೈದ್ಯಕೀಯ ವಿಮೆ ಹೇಗೂ ಕಡ್ಡಾಯ. ಅಸ್ತಮಾ ಇರುವುದನ್ನು ಅದರಲ್ಲಿ ಬರೆಸಿ, ಮೊದಲೇ ಇರುವ ಕಾಯಿಲೆಗೆ ಕೊಡುತ್ತಾರಾ ಅಂತ ಓದಿ ನೋಡಿ.

ನಾನಾದರೆ ಜನವರಿ 20ರ ನಂತರದ ವಾರ ಆರಿಸುತ್ತೇನೆ. ಮ್ಯೂನಿಕ್‌ನಿಂದ ಎರಡೂವರೆ ಗಂಟೆಯ ವಿಮಾನ. ನಿಲ್ದಾಣದಿಂದ ಮೆಟ್ರೊದಲ್ಲಿ 40 ನಿಮಿಷಕ್ಕೆ ಊರ ಮಧ್ಯದ ಸಿಂಟಾಗ್ಮ. ಅದೇ ಗಾಡಿ 2022ರಿಂದ ಪಿರೇಯಸ್‌ವರೆಗೂ ಹೋಗುತ್ತದೆ. ಹೋಟೆಲು ಕುಕಾಕಿ ಬಡಾವಣೆಯಲ್ಲಿ ಹಿಡಿಯಿರಿ, ಅಕ್ರೊಪೊಲಿಸ್ ನಡೆಯುವ ದೂರ, ಊರಿನವರೇ ಇರುವ ಜಾಗ. ಆರು ದಿನದಲ್ಲಿ ಒಂದು ಎಜೀನಾಗೆ, ಒಂದು ಮಳೆಗೆ, ಒಂದು ಸುಮ್ನೆ ಕೂರುವುದಕ್ಕೆ. ಎಜೀನಾಗೆ ದಿನ ಮೊದಲೇ ಗೊತ್ತು ಮಾಡಬೇಡಿ. ಹಿಂದಿನ ಸಂಜೆ ಗಾಳಿ ನೋಡಿ ಟಿಕೆಟ್ ತೆಗೆದುಕೊಳ್ಳಿ.

ಕೊನೆಗೆ, ಆ ಬೀದಿಗಳ ಎರಡೂ ಬದಿ ಕಿತ್ತಳೆ ಮರ. ಜನವರಿಯಲ್ಲಿ ಮೈತುಂಬ ಹಣ್ಣು, ಕೆಳಗೂ ಉದುರಿ ಬಿದ್ದಿರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಪ್ರತಿ ಸಲವೂ ನಮ್ಮವರಲ್ಲಿ ಒಬ್ಬರು "ಅಯ್ಯೋ, ಎಷ್ಟು ಹಣ್ಣು ಹಾಳು" ಅಂತ ಒಂದನ್ನು ಕಿತ್ತು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಅವರ ಮುಖ ನೋಡಬೇಕು. ಅದು ನಮ್ಮ ಹೇರಳೆಕಾಯಿಯ ಜಾತಿ, ಕಹಿ. ಸಿಪ್ಪೆಯನ್ನು ನೀರಲ್ಲಿ ನೆನೆಸಿ ಕಹಿ ತೆಗೆದು, ಸಕ್ಕರೆ ಪಾಕದಲ್ಲಿ ಹಾಕಿ ಬಾಟಲಿಯಲ್ಲಿ ಮಾರುತ್ತಾರೆ. ಅದನ್ನು ಕೊಂಡು ತನ್ನಿ, ಶಿವಮೊಗ್ಗದವರೆಗೂ ಕೆಡದೆ ಬರುತ್ತದೆ.